ಕುಂಕುಮದಡಿಯ ಹತ್ತು ಸುತ್ತು

ವಾಸು ಆಚಾರಿಯ ಕೊಡಲಿಯನ್ನು ಕೆಡಿಸಿದವಳು ನಾನು. ಕೈತಪ್ಪಿ ಅಲ್ಲ, ತಿಳಿಯದೆ ಅಲ್ಲ—ತಿಳಿದೂ ತಿಳಿದೂ, ಸಾಣೆ ಕಲ್ಲಿನ ಹತ್ತು ಸುತ್ತು ಎಣಿಸಿ ಕೆಡಿಸಿದೆ. ಆಮೇಲೆ ಆ ಕೇಡಿನ ಮೇಲೆ ನನ್ನ ಕೈಯಾರೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಹೂವಿಟ್ಟು, ದೇವರ ಮುಂದೆ ನಿಲ್ಲಿಸಿ ಕೈ ಮುಗಿದೆ. ಕೆಡಿಸಿದ್ದಕ್ಕಿಂತ ಈ ಕೈ ಮುಗಿದದ್ದೇ ನನಗೆ ಇಂದಿಗೂ ದೊಡ್ಡ ಪಾಪವೆನಿಸುತ್ತದೆ.

ಇದನ್ನು ಯಾರಿಗೂ ಹೇಳಿಲ್ಲ. ನನ್ನ ಯಜಮಾನರಿಗೂ ಹೇಳಲಿಲ್ಲ. ಅವರು ನನ್ನನ್ನು ಒಳ್ಳೆಯವಳೆಂದು ನಂಬಿಕೊಂಡೇ ತೀರಿಹೋದರು. ನನ್ನದು ನಾಲ್ಕನೇ ಇಯತ್ತೆಯ ಅಕ್ಷರ. ಸಾಲು ಸೊಟ್ಟಗಾದರೆ ಓದುವವರು ಸಹಿಸಿಕೊಳ್ಳಬೇಕು—ನೆಟ್ಟಗಿದ್ದದ್ದನ್ನು ಸೊಟ್ಟ ಮಾಡುವುದು ನನಗೆ ಹೊಸದೇನಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಅಂಧೇರಿ ಸ್ಟೇಷನ್ನಿನಿಂದ ಕಾಲು ಗಂಟೆ ನಡೆದರೆ ಒಂದು ಹೆಂಚಿನ ಚಾಳು, ಅದರ ಕಟ್ಟಕಡೆಯ ಖೋಲಿ ನಮ್ಮದು. ಕಡೆಯದಾದ್ದರಿಂದ ಹಿಂದೆ ಒಂದು ತಗಡಿನ ಮಾಡು ಇಳಿಸಿಕೊಳ್ಳಲು ಜಾಗ ಸಿಕ್ಕಿತ್ತು. ಆ ಮಾಡಿನ ಕೆಳಗೆ ಕಾಲಿನಿಂದ ತುಳಿದು ತಿರುಗಿಸುವ ಸಾಣೆ ಕಲ್ಲು, ಅದರ ಮೇಲೆ ಹನಿ ಹನಿ ನೀರು ಬೀಳಲೆಂದು ತೂತು ಕೊರೆದ ಡಬ್ಬಿ, ಗೋಡೆಗೆ ಅರಗಳು, ಮೂಲೆಯಲ್ಲಿ ಮಸೆಗಲ್ಲು. ಮುಂದಿನ ಕೋಣೆಯಲ್ಲಿ ಒಲೆ, ಹಾಸಿಗೆ, ದೇವರು. ನಡುವೆ ಒಂದು ಗೋಣಿಯ ಪರದೆ.

ಯಜಮಾನರ ಹೆಸರು ಬಸಪ್ಪ. ಧಾರವಾಡದ ಕಡೆಯ ಕಮ್ಮಾರರ ಮನೆತನ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಹೋಟೆಲಿನವರು ತೆಂಗಿನಕಾಯಿ ತುರಿಯುವ ಹಲ್ಲು ತರುತ್ತಿದ್ದರು, ದರ್ಜಿಗಳು ಕತ್ತರಿ, ಬಡಗಿಗಳು ಉಳಿ, ಬಾಚಿ. "ಬಸಪ್ಪನ ಸಾಣೆ ಅಂದರ ಸಾಣೆ" ಎಂಬ ಮಾತು ಚಾಳಿನ ಆಚೆಗೂ ಹೋಗಿತ್ತು. ಆದರೆ ಎರಡು ವರ್ಷದಿಂದ ಬಸಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಅಲಗಿನ ಅಂಚು ಅವರಿಗೆ ಕಾಣುತ್ತಿರಲಿಲ್ಲ.

ಮೊದಮೊದಲು ನಾನು ಕಲ್ಲು ತುಳಿಯುತ್ತಿದ್ದೆ, ಅವರು ಅಲಗು ಹಿಡಿಯುತ್ತಿದ್ದರು. ಆಮೇಲೆ ನಾನೇ ಹಿಡಿಯುವುದು, ಅವರು ಪಕ್ಕದಲ್ಲಿ ಕೂತು ಕಲ್ಲಿನ ಸದ್ದು ಕೇಳಿಕೊಂಡು "ಎತ್ತು", "ಇಳಸು" ಎನ್ನುವುದು. ಆರು ತಿಂಗಳಲ್ಲಿ ಅದೂ ಬೇಡವಾಯಿತು. ನನ್ನ ಕೈ ಅವರ ಕೈಗಿಂತ ಚೆನ್ನಾಗಿ ಕೂತಿತು. ಜಂಬಕ್ಕೆ ಹೇಳುತ್ತಿಲ್ಲ—ಅಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ. ಈ ವಯಸ್ಸಿನಲ್ಲಿ ಇನ್ನೆಂಥ ಮುಚ್ಚುಮರೆ.

ಯಜಮಾನರು ಮುಂದಿನ ಕಟ್ಟೆಯ ಮೇಲೆ ಕೂತು ಗಿರಾಕಿಗಳೊಡನೆ ಮಾತಾಡಿ ಸಾಮಾನು ಇಸಿದುಕೊಳ್ಳುವರು. ನಾನು ಪರದೆಯ ಹಿಂದೆ. ಗಿರಾಕಿ ಬಂದಾಗ ಕಲ್ಲು ನಿಲ್ಲಬೇಕು, ನನ್ನ ಕೈಯಲ್ಲಿ ಲಟ್ಟಣಿಗೆ ಬರಬೇಕು. ಹೆಂಗಸು ಆಯುಧ ದಾಟಬಾರದು ಎನ್ನುವ ಜನ; ಅನ್ನ ಕೊಡುವ ಉಳಿಯನ್ನು ಹೆಂಗಸಿನ ಕೈಗೆ ಯಾರು ಕೊಡುತ್ತಾರೆ? ಗುಟ್ಟು ರಟ್ಟಾದರೆ ಕೆಲಸ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಬಸಪ್ಪ ಹೆಂಡತಿಯ ಕೈಯಲ್ಲಿ ಉಣ್ಣುತ್ತಾನೆ ಎಂಬ ಮಾತು ನಳದ ಬಳಿ ಹುಟ್ಟುತ್ತಿತ್ತು. ಆ ಮಾತು ಕಿವಿಗೆ ಬಿದ್ದ ದಿನ ಅವರು ಊಟ ಬಿಡುತ್ತಿದ್ದರು. ಅವರ ಸ್ವಭಾವ ನನಗೆ ಗೊತ್ತಿತ್ತು.

ವಾಸು ಆಚಾರಿ ಉಡುಪಿಯ ಕಡೆಯವನು. ಅಂಧೇರಿಯ ಒಂದು ಸ್ಟುಡಿಯೋದಲ್ಲಿ ದಿನಗೂಲಿಯ ಬಡಗಿ. ಸಿನಿಮಾಕ್ಕೆಂದು ಮುಂದಿನ ಗೋಡೆಯಷ್ಟೇ ಇರುವ ಬಂಗಲೆಗಳನ್ನು ಕಟ್ಟುವುದು, ಶೂಟಿಂಗ್ ಮುಗಿದ ಮೇಲೆ ಕಿತ್ತುಹಾಕುವುದು. ತಾನು ಮಲಗುತ್ತಿದ್ದದ್ದು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಅಟ್ಟದ ಮೇಲೆ, ಎಂಟು ಜನರ ನಡುವೆ. ಹೆಂಡತಿ, ಒಬ್ಬಳು ಚಿಕ್ಕ ಮಗಳು ಊರಲ್ಲಿ. "ಬಂಗ್ಲೆ ಕಟ್ಟುವವನಿಗೆ ಕಾಲು ಚಾಚ್ಲಿಕ್ಕೆ ಜಾಗ ಇಲ್ಲ ಮೇಸ್ತ್ರಿ" ಎಂದು ತಾನೇ ನಗುತ್ತಿದ್ದ. ವಾರಕ್ಕೊಮ್ಮೆ ಉಳಿ ತಂದುಕೊಡುವನು. ಮಸೆದ ಉಳಿಯಿಂದ ಮೊಣಕೈಯ ಕೂದಲು ಕೆರೆದು ನೋಡಿ, "ಎಂತ ಕೈ ಮಾರಾಯ್ರೆ ನಿಮ್ಮದು! ಇದ್ರಲ್ಲಿ ಗಡ್ಡ ತೆಗೀಬಹುದು" ಎನ್ನುವನು. ಯಜಮಾನರು ಕೆಮ್ಮುವರು. ಪರದೆಯ ಹಿಂದೆ ನಾನು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬುತ್ತಿದ್ದೆ.

ಅವನ ಹತ್ತಿರ ಒಂದು ಕೊಡಲಿಯಿತ್ತು, ಅವನ ಅಜ್ಜನ ಕಾಲದ್ದು. ಕಟ್ಟಿಗೆ ಒಡೆಯುವಂಥದ್ದಲ್ಲ, ದುಂಡು ಮರವನ್ನು ಕೆತ್ತಿ ಚೌಕ ತೊಲೆ ಮಾಡುವಂಥದ್ದು. ಅದರ ಒಂದು ಮಗ್ಗುಲು ಹಲಗೆಯ ಹಾಗೆ ಪೂರ್ತಿ ಸಪಾಟು, ಅದರ ನಡುವೆ ಕೊಡಲಿ ಮಾಡಿದ ಕಮ್ಮಾರನ ಆಳವಾದ ಗುರುತು; ಇನ್ನೊಂದು ಮಗ್ಗುಲಿಗೆ ಮಾತ್ರ ಇಳಿಜಾರು. ಸಪಾಟು ಮಗ್ಗುಲು ಮರಕ್ಕೆ ಒತ್ತಿಕೊಂಡು ಇಳಿಯುತ್ತದೆ, ಆದ್ದರಿಂದಲೇ ಗೆರೆ ಹಿಡಿದ ಹಾಗೆ ಕೆತ್ತುತ್ತದೆ. ಸಾಣೆ ಹಿಡಿಯುವವರು ಇಳಿಜಾರಿಗೆ ಮಾತ್ರ ಕಲ್ಲು ತೋರಿಸಬೇಕು. ಸಪಾಟು ಮಗ್ಗುಲಿಗೆ ಕಲ್ಲು ತಾಗಿ ಅಂಚಿನಲ್ಲಿ ಒಂದು ಕೂದಲಿನಷ್ಟು ಓರೆ ಬಂದರೂ ಮುಗಿಯಿತು—ಕೊಡಲಿ ಮರವನ್ನು ಕಚ್ಚುವುದಿಲ್ಲ, ಜಾರಿ ಹೊರಕ್ಕೆ ಬರುತ್ತದೆ. ಅದು ಎಷ್ಟು ಹರಿತವಾಗಿದ್ದರೂ ಅಷ್ಟೇ.

ಆ ವರ್ಷ ವಡಾಲದ ಒಂದು ಮರದ ವಖಾರಿಯಲ್ಲಿ ತೊಲೆ ಕೆತ್ತುವ ಮೇಸ್ತ್ರಿಯ ಜಾಗ ಖಾಲಿಯಾಯಿತು. ಕೆಲಸದ ಜೊತೆಗೆ ವಖಾರಿಯ ಹಿಂದಿನ ಸಾಲಿನಲ್ಲಿ ಒಂದು ಖೋಲಿ. ಹೊಸ ಮೇಸ್ತ್ರಿ ದಸರೆಯ ದಿನವೇ ಕೆಲಸ ಹಿಡಿಯಬೇಕೆಂದು ವಖಾರಿಯ ಒಡೆಯ ಸೇಠನ ನಂಬಿಕೆ. ಅಂದು ಬೆಳಿಗ್ಗೆ ಎಲ್ಲರೆದುರು ಒಂದು ಮರ ಕೆತ್ತಿ ತೋರಿಸಬೇಕು. ಆಚಾರಿ ಆಗಲೇ ಊರಿಗೆ ಕಾಗದ ಬರೆದಿದ್ದ. ಮಗಳನ್ನು ಯಾವ ಶಾಲೆಗೆ ಹಾಕಬಹುದೆಂದು ಯಜಮಾನರನ್ನು ಕೇಳಿಯೂ ಕೇಳಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ದಸರೆಯ ಮುನ್ನಾದಿನದ ಖಂಡೇಪೂಜೆಗೆ ಐದು ದಿನವಿತ್ತು. ಬೆಳಿಗ್ಗೆ ಯಜಮಾನರು ಕ್ಷೌರಕ್ಕೆ ಹೋಗಿದ್ದರು. ಚಾಳಿನ ಮುಂದೆ ನಳದ ಸಾಲು. ಕೊಡ, ಬಕೆಟ್ಟು ದಾಟಿ ಬರಲಾಗದೆ ಆಚಾರಿ ಕೊಡಲಿ ಹಿಡಿದು ಹಿಂದಿನ ಗಲ್ಲಿಯಿಂದ ಬಂದ. ಮಾಡಿನ ಬದಿಯ ಗೋಣಿ ಎತ್ತಿ "ಮೇಸ್ತ್ರೀ—" ಎಂದ. ಎಂದವನು ಅಲ್ಲೇ ನಿಂತ.

ನಾನು ಸೆರಗು ಬಿಗಿದು, ಕಾಲು ಹಲಗೆಯ ಮೇಲಿಟ್ಟು, ಯಾವುದೋ ಹೋಟೆಲಿನ ದೊಡ್ಡ ಚೂರಿ ಹಿಡಿದು ಕೂತಿದ್ದೆ. ಕಾಲು ನಿಲ್ಲಿಸಿದೆ. ಆದರೆ ಭಾರದ ಕಲ್ಲು, ಕೂಡಲೇ ನಿಲ್ಲುವುದಿಲ್ಲ. ಅದು ತಿರುಗಿ ತಿರುಗಿ ನಿಲ್ಲುವವರೆಗೆ ಇಬ್ಬರೂ ಅದನ್ನೇ ನೋಡಿದೆವು.

"ಇದು... ನೀವು ಮಾಡುದಾ?" ಎಂದ.

"ಯಾಕ್ರಿ, ಮಾಡಬಾರದೇನು?" ಎಂದೆ.

"ಇಷ್ಟು ದಿನದ್ದು ಎಲ್ಲ?"

ಅವನ ಕೊಡಲಿಯ ಕಡೆ ಕೈ ಚಾಚಿದೆ. ಅದರ ಅಂಚಿನ ನಡುವೆ ಒಂದು ಆಳವಾದ ಕಚ್ಚು ಬಿದ್ದಿತ್ತು—ಮರದೊಳಗೆ ಯಾರೋ ಬಿಟ್ಟಿದ್ದ ಮೊಳೆ ತಾಗಿರಬೇಕು. ಒಂದು ಮೂಲೆಯೂ ಮುರಿದಿತ್ತು. ಅಂಥ ಅಲಗನ್ನು ಹಿಂದಕ್ಕೆ ತೆಗೆದು, ಅಂಚಿಗೆ ಹೊಸದಾಗಿ ಬಳುಕು, ಅಂದರೆ ಬಿಲ್ಲಿನಂಥ ಬಾಗು, ಕೊಟ್ಟು, ಇಳಿಜಾರನ್ನು ಮೊದಲಿನಿಂದ ಕಟ್ಟಬೇಕು. ನೋಡಿದ ಕೂಡಲೇ ಕೈ ತುರಿಸಿತು ನನಗೆ, ಅಂಥ ಕೆಲಸ ಅದು.

ಅವನು ಕೊಡಲಿಯನ್ನು ಎದೆಗೆ ಎಳೆದುಕೊಂಡ.

"ಬೇಡ. ಇದೊಂದು ಬೇಡ ಅಮ್ಮ. ಇದನ್ನು ಮೇಸ್ತ್ರಿಯೇ ಮಾಡ್ಲಿ. ಹೆಂಗಸ್ರ ಕೈ ಇದಕ್ಕೆ... ಬೇಜಾರ ಮಾಡ್ಬೇಡಿ."

ಅಷ್ಟೇ. ಅವನು ಬೈಯಲಿಲ್ಲ, ನಗಲಿಲ್ಲ. ಎಲ್ಲರೂ ಆಡುವ ಮಾತನ್ನೇ, ಎಲ್ಲರಿಗಿಂತ ಮೆತ್ತಗೆ ಆಡಿದ. ಆದರೆ ಇದೇ ಬಾಯಿ ಅಲ್ಲವೇ "ಎಂತ ಕೈ" ಎನ್ನುತ್ತಿದ್ದದ್ದು? ಕೈ ಅದೇ, ಹರಿತ ಅದೇ—ಗೋಣಿ ಎತ್ತಿದ ಕೂಡಲೇ ಬೇಡವಾಯಿತೇ?

ಯಜಮಾನರು ಬಂದರು. ಆಚಾರಿ ಮುಂದಿನ ಕಟ್ಟೆಗೆ ಹೋಗಿ ಕೊಡಲಿ ಕೊಟ್ಟ. ಕಂಡದ್ದರ ಬಗ್ಗೆ ಒಂದಕ್ಷರ ಆಡಲಿಲ್ಲ. "ಇದು ನಿಮ್ಮ ಕೈಯಾರೆ ಆಗ್ಬೇಕು ಮೇಸ್ತ್ರಿ, ನನ್ನ ಸಂಸಾರ ಇದರ ಮೇಲೆ ಉಂಟು" ಎಂದ.

"ಮತ್ತ್ಯಾರ ಕೈಲೆ ಮಾಡಸ್ಲಿ?" ಎಂದು ನಕ್ಕು ಯಜಮಾನರು ಒಳಗೆ ಬಂದರು. ಕೊಡಲಿಯನ್ನು ನನ್ನ ಮಡಿಲಲ್ಲಿಟ್ಟು, "ನೀನ ಮಾಡು. ನನಗೆಲ್ಲಿ ಕಾಣತೈತಿ. ಅವಗೇನ ಗೊತ್ತಾಗತೈತಿ?" ಎಂದರು.

ಅವನಿಗೆ ಗೊತ್ತಿದೆ ಎಂದು ನಾನು ಹೇಳಲಿಲ್ಲ.

ಆ ದಿನಗಳು ಹೇಗೆ ಹೋದವೆಂದರೆ, ಚಾಳಿನಲ್ಲಿ ಯಾರೇ ಗುಸುಗುಸು ಆಡಿದರೂ ನನ್ನದೇ ಮಾತು ಎನಿಸುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಹೋಟೆಲಿನ ಹುಡುಗರು ಒಂದು ದಿನ ತಡವಾಗಿ ಬಂದರೆ, ಆಚಾರಿ ಗ್ರಾಂಟ್ ರೋಡಿನಲ್ಲಿ ಬಾಯಿ ಬಿಟ್ಟಿದ್ದಾನೆ ಎಂದುಕೊಳ್ಳುತ್ತಿದ್ದೆ. ಭಯದಿಂದ ಮಾಡಿದೆ ಎಂದು ಬರೆದರೆ ಓದುವವರಿಗೆ ಕರುಣೆ ಬಂದೀತು. ಆದ್ದರಿಂದ ಬರೆಯುವುದಿಲ್ಲ. ಭಯ ಇತ್ತು, ಆದರೆ ಕೈ ಮಾಡಿಸಿದ್ದು ಭಯವಲ್ಲ. ಸಿಟ್ಟು. ಆ "ಬೇಡ" ಎಂಬ ಮಾತಿನ ಮೇಲಿನ ಸಿಟ್ಟು.

ಎರಡು ಮಧ್ಯಾಹ್ನ ಆ ಕೊಡಲಿಯ ಮೇಲೆ ಕೂತೆ. ಮೊದಲು ಅರದಿಂದ ಅಂಚನ್ನು ಕಚ್ಚಿನ ಬುಡದವರೆಗೆ ಹಿಂದಕ್ಕೆ ತೆಗೆದೆ. ಮುರಿದ ಮೂಲೆಗೆ ಸರಿಯಾಗಿ ಇನ್ನೊಂದು ಮೂಲೆಯನ್ನೂ ದುಂಡಗೆ ಮಾಡಿದೆ. ಆಮೇಲೆ ಕಲ್ಲು. ಅವಸರ ಮಾಡಿದರೆ ಅಲಗು ಕಾದು ನೀಲಿ ತಿರುಗುತ್ತದೆ. ನೀಲಿ ತಿರುಗಿದ ಉಕ್ಕು ಸತ್ತ ಉಕ್ಕು. ನಾಲ್ಕು ಸುತ್ತಿಗೊಮ್ಮೆ ಬೆರಳಿಟ್ಟು ನೋಡುವುದು, ಬಿಸಿ ಎನಿಸಿದರೆ ನೀರಿಗೆ ಅದ್ದುವುದು. ಇಳಿಜಾರು ಒಂದೇ ಸಮನಾಗಿ ಅಂಚಿನವರೆಗೆ ಇಳಿದು ಬಂತು. ಅದರಷ್ಟು ಚಂದದ ಅಲಗನ್ನು ಅದಕ್ಕಿಂತ ಮೊದಲು ನಾನು ಕಟ್ಟಿರಲಿಲ್ಲ. ಎರಡನೆಯ ದಿನ ಮೂರು ಗಂಟೆಯ ಹೊತ್ತಿಗೆ ಕೆಲಸ ಮುಗಿದಿತ್ತು. ಒರೆಸಿ ಇಟ್ಟಿದ್ದರೆ—

ಇಡಲಿಲ್ಲ. ಮೇಸ್ತ್ರಿಯ ಕೈಯೇ ಬೇಕಲ್ಲವೇ ನಿನಗೆ, ಎಂದುಕೊಂಡೆ. ಕೊಡಲಿಯನ್ನು ಮಗುಚಿ ಸಪಾಟು ಮಗ್ಗುಲನ್ನು ಕಲ್ಲಿಗೆ ತಂದೆ. ಹಿಂಬದಿಯನ್ನು ಹೆಬ್ಬೆರಳಿನಷ್ಟು ಎತ್ತಿ ಹಿಡಿದೆ. ತುಳಿದೆ. ಒಂದು. ಎರಡು. ಕಲ್ಲಿನ ಸದ್ದು ಬೇರೆಯಾಯಿತು. ಮುಂದಿನ ಕೋಣೆಯಲ್ಲಿ ಮಲಗಿದ್ದ ಯಜಮಾನರು ಹೊರಳಿದರು. ಸದ್ದು ಕೇಳಿಯೇ ಕೋನ ಹೇಳುತ್ತಿದ್ದ ಮನುಷ್ಯ ಅವರು. ಅಲಗನ್ನು ಕಲ್ಲಿನಿಂದ ಎತ್ತಿದೆ. ಅವರ ಗೊರಕೆ ಮತ್ತೆ ಶುರುವಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಎರಡು ಸುತ್ತಿನ ತಪ್ಪನ್ನು ಮಸೆಗಲ್ಲಿನಲ್ಲಿ ತಿದ್ದಬಹುದಿತ್ತು. ಹತ್ತರವರೆಗೆ ಎಣಿಸಿದೆ.

ಅಂಚಿನುದ್ದಕ್ಕೂ ಒಂದು ಸಣ್ಣ ಮಿರುಗುವ ಗೆರೆ, ಅಷ್ಟೇ. ತಿಳಿಯದವರು ನೋಡಿದರೆ ಇನ್ನೂ ಚಂದವಾಯಿತು ಎನ್ನುತ್ತಿದ್ದರು. ಆದರೆ ಆಚಾರಿ ತಿಳಿಯದವನಲ್ಲ. ಬೆಳಕಿಗೆ ಒಮ್ಮೆ ಓರೆಯಾಗಿ ಹಿಡಿದರೆ ಅವನಿಗೆ ಕಾಣುತ್ತಿತ್ತು. ಅದಕ್ಕೂ ನನ್ನಲ್ಲಿ ಉಪಾಯವಿತ್ತು.

ನಮ್ಮ ಕಡೆ ಖಂಡೇಪೂಜೆಯ ದಿನ ಆಯುಧಗಳಿಗೆ ವಿಭೂತಿ, ಕುಂಕುಮ ಹಚ್ಚಿ ಸಾಲಾಗಿ ಇಡುತ್ತೇವೆ. ಅಂದು ಅವನ್ನು ಯಾರೂ ಕೆಲಸಕ್ಕೆ ಮುಟ್ಟಬಾರದು. ಹಚ್ಚಿದ್ದನ್ನು ಒರೆಸಬಾರದು, ಮರುದಿನ ಮೊದಲ ಏಟಿಗೆ ಅದು ತಾನಾಗಿ ಹೋಗಬೇಕು. ಗಿರಾಕಿಗಳ ಆಯುಧವೂ ಅಂದು ನಮ್ಮ ದೇವರ ಮುಂದೆಯೇ ಕೂರುತ್ತಿತ್ತು. ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ, ಒಂದು ಬೊಟ್ಟು ಕುಂಕುಮ. ಆಚಾರಿಯ ಕೊಡಲಿಗೆ ಮಾತ್ರ ಸಪಾಟು ಮಗ್ಗುಲ ತುಂಬ, ಅಂಚಿನವರೆಗೂ ನೀರು ಕಲಸಿದ ವಿಭೂತಿ ಬಳಿದೆ. ಅದರ ಮೇಲೆ ಅಂಗೈಯಗಲ ಕುಂಕುಮ.

ಯಜಮಾನರು ಒಂದೊಂದೇ ಆಯುಧವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಬಂದರು. ಕೊಡಲಿಯ ಮೇಲೆ ಅವರ ಬೆರಳು ಆಡಿತು. "ಎಷ್ಟು ಬಳದೀಯ ಇದಕ್ಕ?" ಎಂದರು. ಬೆರಳು ಅಂಚಿನ ಕಡೆ ಜಾರುತ್ತಿತ್ತು. ಅವರ ಕಣ್ಣಿಗೆ ಪೊರೆ ಬಂದಿತ್ತೇ ಹೊರತು ಬೆರಳಿಗಲ್ಲ. ಮುಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಾನು ಅವರ ಮಣಿಕಟ್ಟು ಹಿಡಿದೆ. "ಕೊಯ್ಕೊಂಡೀರಿ! ಅವರದು ಪರೀಕ್ಷಾ ಐತಲ್ರೀ, ದೇವರು ನೋಡ್ಲಿ ಅಂತ ಜಾಸ್ತಿ ಹಚ್ಚೀನಿ" ಎಂದೆ. ಅವರಿಗೆ ಕಣ್ಣು ತುಂಬಿತು. "ಛಲೋ ಮಾಡಿದಿ" ಎಂದರು.

ಸಂಜೆ ನಾಲ್ಕಕ್ಕೆ ಆಚಾರಿ ಬಂದ. ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಟ್ಟಿದ್ದ. ಕೊಡಲಿ ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಇಳಿಜಾರನ್ನು ನೋಡಿದ, ಕಟ್ಟಿದ ಬಳುಕಿನ ಮೇಲೆ ಉಗುರು ಎಳೆದು ನೋಡಿದ. ಮುಖ ಅರಳಿತು. ಆಮೇಲೆ ಮಗುಚಿದ. ಅವನ ಹೆಬ್ಬೆರಳು ಕುಂಕುಮದ ಮೇಲೆ ಇಳಿಯಿತು. ನಾನು ಪರದೆ ಹಿಡಿದು ನಿಂತಿದ್ದೆ.

"ಒರಸಬ್ಯಾಡ್ರಿ ಆಚಾರಿ" ಎಂದರು ಯಜಮಾನರು. "ಪೂಜಿ ಆಗೇತಿ. ನಾಳೆ ಮೊದಲ ಏಟಿಗೆ ತಾನ ಹೋಗತೈತಿ."

ಅವನು ಹೆಬ್ಬೆರಳು ತೆಗೆದ. "ಹೌದು, ತಪ್ಪಾಯ್ತು" ಎಂದು ಅಲಗನ್ನು ಎರಡೂ ಕಣ್ಣಿಗೆ ಒತ್ತಿಕೊಂಡ. ಹುಬ್ಬಿಗೆ ಕುಂಕುಮ ಹತ್ತಿತು. ಹೊರಡುವಾಗ ಪರದೆಯ ಕಡೆ ತಿರುಗಿ, ನನಗೆ ಕೇಳುವಷ್ಟು ಮಾತ್ರ ದನಿಯಲ್ಲಿ, "ನಾನು ಯಾರ ಹತ್ರವೂ ಹೇಳ್ಲಿಲ್ಲ ಅಮ್ಮ. ಹೇಳುದೂ ಇಲ್ಲ" ಎಂದ.

ಆಗ ಕೂಗಬೇಕಿತ್ತು. "ತಡೀರಿ" ಎಂಬ ಒಂದು ಮಾತು. ಬಾಯಿಯವರೆಗೆ ಬಂದಿತ್ತು. ಅವನು ಗಲ್ಲಿಯ ತಿರುವಿನವರೆಗೂ ನಡೆಯುವುದನ್ನು ನೋಡಿದೆ, ಆಮೇಲೆ ತಿರುವನ್ನೇ ನೋಡುತ್ತ ನಿಂತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ನನ್ನ ಸಿಟ್ಟು ಆಗಲೇ ಇಳಿದಿತ್ತು. ಮೂಗು ಮಾತ್ರ ಬೇರೆಯವರದು.

ದಸರೆಯ ದಿನ ಮಧ್ಯಾಹ್ನ ಅವನು ಬಂದ. ಅದೇ ಅಂಗಿ, ಬೆನ್ನೆಲ್ಲ ಒದ್ದೆ. ಬಗಲಲ್ಲಿ ಗೋಣಿ ಸುತ್ತಿದ ಕೊಡಲಿ, ಕೈಯಲ್ಲಿ ಬನ್ನಿ ಎಲೆ. ಯಜಮಾನರು ಹೆಜ್ಜೆಯ ಸದ್ದು ಹಿಡಿದು ಎದ್ದರು. "ಏನಾತ್ರಿ?"

"ಆಗ್ಲಿಲ್ಲ ಮೇಸ್ತ್ರಿ."

ಎರಡೇ ಎರಡು ಮಾತಿನಲ್ಲಿ ಹೇಳಿದ. ಸಾಗುವಾನಿ ಮರ, ನೂಲು ಹೊಡೆದು ಗೆರೆ ಹಾಕಿದ್ದರು. ಏಟು ಗೆರೆಯ ಮೇಲೆ ಕೂರದೆ ಹೊರಹೊರಗೆ ಜಾರಿತಂತೆ. ಒಳಕ್ಕೆ ತರಲೆಂದು ಕೊಡಲಿ ವಾಲಿಸಿದಾಗ ಗೆರೆ ದಾಟಿ ಮರದೊಳಕ್ಕೆ ಹೊಕ್ಕಿತಂತೆ. ಸೇಠನ ಹಳೆಯ ಮೇಸ್ತ್ರಿ ಕೈ ಎತ್ತಿ ಸಾಕು ಎಂದನಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯಜಮಾನರ ಮುಖ ಬಿಳಿಚಿತು. "ಅಲಗು—ಅಲಗಿನಾಗ ಏನರೆ ದೋಷ ಇತ್ತೇನ್ರಿ? ಖರೇ ಹೇಳ್ರಿ."

ಪರದೆಯ ಹಿಂದೆ ನಾನು ಹೋಳಿಗೆಯ ಕಣಕ ಹಿಡಿದು ನಿಂತಿದ್ದೆ. ಆಚಾರಿ ಕೊಡಲಿಗೆ ಸುತ್ತಿದ್ದ ಗೋಣಿಯನ್ನು ಇನ್ನಷ್ಟು ಬಿಗಿದುಕೊಂಡ. ಕಣಕ ನನ್ನ ಮುಷ್ಟಿಯಿಂದ ಬೆರಳುಗಳ ಸಂದಿಗೆ ಬಂದಿತ್ತು.

"ಅಲಗಿನಲ್ಲಿ ಎಂತದೂ ಇಲ್ಲ ಮೇಸ್ತ್ರಿ. ನನ್ನ ಕೈಯೇ ತಪ್ಪಿತು."

ಯಜಮಾನರಿಗೆ ಬನ್ನಿ ಕೊಟ್ಟ. "ಬಂಗಾರ ತಗೊಳ್ಳಿ" ಎಂದ. ಆಮೇಲೆ ಪರದೆಯ ಹತ್ತಿರ ಬಂದು, ಅಡಿಯಿಂದ ಒಂದು ಎಲೆ ಒಳಗೆ ಸರಿಸಿದ. ಜಗಳವಾಡಿದವರೂ ಅಂದು ಬನ್ನಿ ಕೊಟ್ಟು ಮರೆಯುತ್ತಾರೆ. ಅವನು ಕೊಟ್ಟ. ನಾನು ಎತ್ತಿಕೊಳ್ಳಲಿಲ್ಲ, ಸಂಜೆ ಕಸದೊಡನೆ ಗುಡಿಸಿದೆ.

ಅವನು ಹೋದ ಮೇಲೆ ನನಗಾದದ್ದು ದುಃಖವಲ್ಲ. ನಿರಾಳ. ಇದನ್ನೂ ಬರೆಯಲೇಬೇಕು. ಪಾರಾದೆ ಎಂದುಕೊಂಡೆ, ತನ್ನ ಕೈಯೇ ತಪ್ಪಿತೆಂದು ನಂಬಿದ್ದಾನೆ, ಪಾಪ, ಎಂದುಕೊಂಡೆ. ಕುಂಕುಮ ಮೊದಲ ಏಟಿಗೇ ಹೋಗುತ್ತದೆ. ಆಮೇಲೆ ಆ ಮಗ್ಗುಲು ಅವನ ಕಣ್ಣಿಗೆ ಬೀಳದೆ ಇದ್ದೀತೇ—ಈ ಪ್ರಶ್ನೆ ಇಷ್ಟು ವರ್ಷ ನನ್ನ ಬಾಗಿಲಲ್ಲೇ ಕೂತಿತ್ತು. ನಾನು ಬಾಗಿಲು ತೆಗೆಯಲಿಲ್ಲ.

ಆಚಾರಿ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಸ್ಟುಡಿಯೋದಲ್ಲೇ ಮೊಳೆ ಹೊಡೆಯುತ್ತಿದ್ದಾನೆ ಎಂದು ಯಾರೋ ಹೇಳಿದರು. ಎಷ್ಟೋ ವರ್ಷಗಳ ಮೇಲೆ ಯಜಮಾನರು ಹೋದರು. ಹೊಟ್ಟೆ ಕೇಳಬೇಕಲ್ಲ, ಪರದೆ ಕಿತ್ತು ಎಲ್ಲರೆದುರು ಕಲ್ಲಿನ ಮೇಲೆ ಕೂತೆ. ನಾಲ್ಕು ದಿನ ಆಡಿಕೊಂಡರು, ಐದನೆಯ ದಿನ ಕತ್ತರಿ ತಂದರು. ಈಗ ಕರೆಂಟಿನ ಕಲ್ಲು ಬಂದಿದೆ. ಸಾಣೆ ಗಂಗವ್ವ ಎಂದರೆ ಸ್ಟೇಷನ್ನಿನ ಆಚೆಯವರಿಗೂ ಗೊತ್ತು. ಆ ಹೆಸರಿನ ಬುಡದಲ್ಲಿ ಏನಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ನಾಲ್ಕು ದಿನದ ಹಿಂದೆ ಒಬ್ಬ ಹೆಂಗಸು ಬಂದಳು. ಮೂವತ್ತು ದಾಟಿದ ವಯಸ್ಸು, ಹೆಸರು ಸುಮತಿ. ವಡಾಲದ ಒಂದು ಕಾಲೊನಿಯಲ್ಲಿ ಮನೆ, ಗಂಡನಿಗೆ ಬಂದರಿನಲ್ಲಿ ಕೆಲಸ. ಚೀಲದಿಂದ ಕೊಡಲಿ ತೆಗೆದು ಮುಂದಿಟ್ಟಳು. ತುಕ್ಕು ಹಿಡಿದಿತ್ತು. ಆದರೆ ಆ ಬಳುಕು ನನ್ನದು. ಹೆತ್ತ ಮಗುವನ್ನು ಗುರುತಿಸಿದ ಹಾಗೆ ಗುರುತಿಸಿದೆ.

"ಅಪ್ಪ ಹೋದ ವರ್ಷ ತೀರಿಕೊಂಡ್ರು" ಎಂದಳು. "ಆಯುಧಪೂಜೆಗೆ ಇಡ್ಬೇಕು, ಸ್ವಲ್ಪ ಸಾಣೆ ಹಿಡಿದು ಕೊಡಿ. ಅಂಧೇರಿಯ ಗಂಗಮ್ಮನ ಕೈಗೇ ಕೊಡ್ಬೇಕು, ಬೇರೆ ಯಾರಿಗೂ ಕೊಡ್ಬಾರ್ದು ಅಂತ ಹೇಳಿದ್ರು."

ನಾನು ಕೊಡಲಿಯನ್ನು ಮಗುಚಿದೆ. ಸಪಾಟು ಮಗ್ಗುಲು ಅಂಚಿನವರೆಗೂ ಸಪಾಟಾಗಿತ್ತು. ನನ್ನ ಹತ್ತು ಸುತ್ತು ಇರಲಿಲ್ಲ. ಮೊದಲು ಆಳವಾಗಿದ್ದ ಕಮ್ಮಾರನ ಗುರುತು ಸವೆದು ಮಸುಕಾಗಿತ್ತು—ಇಡೀ ಮಗ್ಗುಲನ್ನೇ ಯಾರೋ ಕೈಕಲ್ಲಿನಲ್ಲಿ ತಿಕ್ಕಿ ತಗ್ಗಿಸಿದ್ದರು. ಸಪಾಟು ಮಗ್ಗುಲನ್ನು ಯಾರೂ ಹಾಗೆ ತಿಕ್ಕುವುದಿಲ್ಲ. ತಿಕ್ಕಲು ಕಾರಣ ಒಂದೇ: ಅಲ್ಲಿ ಇನ್ನೊಬ್ಬರು ಕಲ್ಲು ಹಚ್ಚಿದ್ದಾರೆ ಎಂದು ಗೊತ್ತಾಗಿರಬೇಕು.

"ಇದನ್ನ ಯಾರು ತಿಕ್ಕಿದ್ರವ್ವಾ?" ಎಂದೆ.

"ಅಪ್ಪನೇ. ನಾನು ಸಣ್ಣವಳು. ಅಪ್ಪ ಊರಿಗೆ ಬರುದು ವರ್ಷಕ್ಕೆ ಹದಿನೈದು ದಿನ. ಒಂದು ಸಲ ಬಂದವರು ಹದಿನೈದು ದಿನವೂ ಬಾವಿಕಟ್ಟೆಯಲ್ಲಿ ಕೂತು ಇದನ್ನೇ ತಿಕ್ಕಿದ್ರು. ನಾನು ನೀರು ಹೊಯ್ಯುದು. ಯಾಕಪ್ಪ ಅಂತ ಕೇಳಿದ್ರೆ, 'ಒಬ್ಬರ ಸಿಟ್ಟು ಇದರ ಮೇಲೆ ಕೂತಿದೆ ಮಗ, ಅದನ್ನು ತೆಗೀತಾ ಇದ್ದೇನೆ' ಅಂದ್ರು. ಯಾರ ಸಿಟ್ಟು ಅಂತ ಕೇಳಿದ್ದಕ್ಕೆ ಹೇಳ್ಲಿಲ್ಲ." ಆಮೇಲೆ ನಕ್ಕು ಸೇರಿಸಿದಳು, "ಆಗ ವಡಾಲದಲ್ಲಿ ರೂಮು ಸಿಗುದರಲ್ಲಿತ್ತಂತೆ. ಕೈ ತಪ್ಪಿತು ಅಂತಿದ್ರು. ಕಡೇವರೆಗೂ ಹಾಗೇ ಹೇಳಿದ್ರು."

ಅವಳು ಲೋಕಲ್ ಹಿಡಿಯಲು ಹೊರಟಳು. ಶುಕ್ರವಾರ, ಪೂಜೆಯ ದಿನ ಬೆಳಿಗ್ಗೆ ಬರುತ್ತೇನೆ ಎಂದಳು. ನಾನು ತಲೆಯಾಡಿಸಿದೆ, ಅಷ್ಟೇ.

ಅವನಿಗೆ ಗೊತ್ತಿತ್ತು. ದಸರೆಯ ಆ ಮಧ್ಯಾಹ್ನವೇ ಗೊತ್ತಿತ್ತು. ಅಲಗು ಕೆಟ್ಟಿತ್ತು ಎಂದಿದ್ದರೆ ಯಜಮಾನರು ಬೆರಳಿಟ್ಟು ನೋಡುತ್ತಿದ್ದರು, ನಾನು ಸಿಕ್ಕಿಬೀಳುತ್ತಿದ್ದೆ. ನನ್ನೊಡನೆ ಅವರ ಮಾನವೂ ಹೋಗುತ್ತಿತ್ತು. ಅದಕ್ಕೆ ಅವನು ತನ್ನ ಕೈಯ ಮೇಲೆ ಹಾಕಿಕೊಂಡ. ಸೇಠನ ಮುಂದೆ, ಬಸಪ್ಪನ ಮುಂದೆ, ಕಡೆಗೆ ತನ್ನ ಹೆಂಡತಿ, ಮಗಳ ಮುಂದೆಯೂ. ಅವನು ಆಡಿದ್ದು ಒಂದು ಸಣ್ಣ ಮಾತು. ನಾನು ತೆಗೆದುಕೊಂಡದ್ದು ಒಂದು ಮಗುವಿನ ಅಪ್ಪನನ್ನು—ವರ್ಷಕ್ಕೆ ಹದಿನೈದು ದಿನ ಬಿಟ್ಟು ಉಳಿದದ್ದೆಲ್ಲವನ್ನೂ.

ನಿನ್ನೆ ಕೊಡಲಿಯ ತುಕ್ಕು ತೆಗೆದೆ. ಇಳಿಜಾರಿಗೆ ಮಾತ್ರ, ಕರೆಂಟಿನ ಕಲ್ಲಿನಲ್ಲಲ್ಲ, ಕೈಕಲ್ಲಿನಲ್ಲಿ ಹರಿತ ಕೊಟ್ಟೆ. ಸಪಾಟು ಮಗ್ಗುಲನ್ನು ಎಣ್ಣೆಬಟ್ಟೆಯಿಂದ ಒರೆಸಿದ್ದು ಬಿಟ್ಟರೆ ಮುಟ್ಟಲಿಲ್ಲ. ಅದು ಅವನ ಕೆಲಸ.

ಇಂದು ಶುಕ್ರವಾರ. ಉಳಿ, ಕತ್ತರಿ, ಚೂರಿಗಳಿಗೆಲ್ಲ ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದೇನೆ. ಕೊನೆಯಲ್ಲಿ ಆಚಾರಿಯ ಕೊಡಲಿ ಇದೆ. ಅದಕ್ಕೆ ಏನೂ ಹಚ್ಚಿಲ್ಲ. ಸುಮತಿ ಇನ್ನೇನು ಬರುವ ಹೊತ್ತು. ಬಂದವಳು ಸಾಲನ್ನು ನೋಡುತ್ತಾಳೆ. ಇದೊಂದಕ್ಕೆ ಯಾಕಮ್ಮ ಕುಂಕುಮ ಇಟ್ಟಿಲ್ಲ ಎಂದು ಕೇಳಿಯೇ ಕೇಳುತ್ತಾಳೆ. ನಾನು ಅಲ್ಲಿಂದ ಶುರು ಮಾಡುತ್ತೇನೆ.